ಬಿಬ್ಬಾ ಹಚ್ಚಿದ ಕೈ

ನಾನು ನಿವೃತ್ತಳಾದದ್ದು ಮೂವತ್ತಾರನೆಯ ವಯಸ್ಸಿಗೆ. ಸರಿಯಾಗಿ ಹೇಳಬೇಕೆಂದರೆ ನಿವೃತ್ತರಾದವರು ನಮ್ಮ ಡಾಕ್ಟರು. ಚಿಕ್ಕೋಡಿಯಲ್ಲಿ ಅವರದೊಂದು ಕೀಲುನೋವಿನ ದವಾಖಾನೆ ಇತ್ತು. ಅಲ್ಲಿ ನಾನು ಹನ್ನೆರಡು ವರ್ಷ ನರ್ಸ್ ಆಗಿದ್ದೆ. ಅವರು ಬೀಗ ಹಾಕಿದ ದಿನ ನನ್ನ ಕೆಲಸವೂ ಮುಗಿಯಿತು. "ನಾ ರಿಟೈರ್ ಆದ್ರ ನೀನೂ ಆದಂಗ ಆತಲ್ಲ" ಎಂದು ಅವರು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ದಿನಚರಿಗಳನ್ನೆಲ್ಲ ಒಂದು ಕಡೆ ಜೋಡಿಸಿಟ್ಟೆ. ದಿನಚರಿ ಬರೆಯುವುದು ನನಗೆ ಓದುವ ಕಾಲದಿಂದಲೂ ಇರುವ ಚಟ. ಯಾವ ವಾರ, ಯಾವ ಊರು, ಯಾರು ಬಂದರು, ಯಾರು ಬರಲಿಲ್ಲ, ಇಷ್ಟೇ. ಅದರಲ್ಲಿ ಕಣ್ಣೀರು ಕಡಿಮೆ, ಲೆಕ್ಕ ಜಾಸ್ತಿ.

ಇತ್ತೀಚೆಗೆ ಇದೇ ಕೆಲಸಕ್ಕೆ ಬೇರೆ ಕಡೆ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. "ಅಕ್ಕಾ, ಟ್ರೇನಿಂಗಿನಾಗ ಎಲ್ಲಾ ಹೇಳ್ಯಾರ, ಆದ್ರೂ ಏನೋ ಬಿಟ್ಟಂಗ ಅನಸ್ತೈತಿ" ಎಂದರು. ಟ್ರೇನಿಂಗಿನವರು ಬಿಟ್ಟದ್ದೇನು ಎಂದು ಯೋಚಿಸಿ ಇದನ್ನು ಬರೆಯುತ್ತಿದ್ದೇನೆ. ಪುಸ್ತಕದಲ್ಲಿರುವುದನ್ನು ಪುಸ್ತಕದಲ್ಲೇ ಓದಿಕೊಳ್ಳಿ.

ಮೊದಲು ಕೆಲಸ ಏನೆಂದು ಹೇಳುತ್ತೇನೆ. ಸಂಧಿವಾತ ಎಂದರೆ ವಯಸ್ಸಾದವರ ಮೊಣಕಾಲು ಸವೆತವಲ್ಲ. ದೇಹವನ್ನು ಕಾಯಬೇಕಾದ ಶಕ್ತಿಯೇ ತಪ್ಪು ತಿಳಿದು ಸ್ವಂತ ಕೀಲುಗಳ ಮೇಲೆ ಬೀಳುವ ರೋಗ. ಇಪ್ಪತ್ತೈದರ ಹೆಂಗಸಿಗೂ ಬರುತ್ತದೆ. ಬೆಳಿಗ್ಗೆ ಎದ್ದರೆ ಬೆರಳು ಮಡಚುವುದಿಲ್ಲ, ರೊಟ್ಟಿ ಬಡಿಯಲು ಆಗುವುದಿಲ್ಲ, ಕುಪ್ಪಸದ ಗುಂಡಿ ಹಾಕಲು ಮಗಳನ್ನು ಕರೆಯಬೇಕಾಗುತ್ತದೆ. ಇದಕ್ಕೆ ಈಗ ಒಳ್ಳೆಯ ಔಷಧಿಗಳಿವೆ. ಆದರೆ ಅವು ಕೆಲಸ ಮಾಡುವುದು ಆ ಕಾಯುವ ಶಕ್ತಿಯನ್ನು ತಗ್ಗಿಸಿ. ನಮ್ಮ ಜನರಲ್ಲಿ ಅನೇಕರ ಮೈಯೊಳಗೆ ಕ್ಷಯದ ಕ್ರಿಮಿ ಸುಮ್ಮನೆ ಮಲಗಿರುತ್ತದೆ. ಕೆಮ್ಮಿಲ್ಲ, ಜ್ವರವಿಲ್ಲ, ಜೀವನಪೂರ್ತಿ ಗೊತ್ತೇ ಆಗದಿರಬಹುದು. ಅದನ್ನು ಮಲಗಿಸಿ ಇಟ್ಟಿರುವುದು ಅದೇ ಶಕ್ತಿ. ಜೋರಿನ ಔಷಧಿ ಕೊಟ್ಟು ಕಾವಲು ತಗ್ಗಿಸಿದರೆ ಕ್ರಿಮಿ ಏಳುತ್ತದೆ. ಆದ್ದರಿಂದ ಔಷಧಿಗೆ ಮೊದಲು ಕ್ಷಯದ ತಪಾಸಣೆ ಆಗಬೇಕು. ಆ ತಪಾಸಣೆ ನನ್ನ ಕೆಲಸವಾಗಿತ್ತು.

ನಮ್ಮ ದವಾಖಾನೆ ಒಂದೇ ಊರಿನಲ್ಲಿ ಕೂಡುತ್ತಿರಲಿಲ್ಲ. ಸೋಮವಾರ, ಶುಕ್ರವಾರ ಚಿಕ್ಕೋಡಿ. ಮಂಗಳವಾರ ನಿಪ್ಪಾಣಿ, ಬುಧವಾರ ರಾಯಬಾಗ, ಗುರುವಾರ ಅಥಣಿ, ಶನಿವಾರ ಕಾಗವಾಡ. ಡಾಕ್ಟರ ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಜೊತೆ ಔಷಧಿಯ ಐಸ್ ಡಬ್ಬಿ, ತೂಕದ ಯಂತ್ರ ಮತ್ತು ಡಾಕ್ಟರ ಊಟದ ಡಬ್ಬಿ ಇರುತ್ತಿದ್ದವು. ಐಸ್ ಡಬ್ಬಿಗೆ ಬಿಸಿಲು ತಾಗಿದರೆ ಅವರು ಗದರುತ್ತಿದ್ದರು. ಊಟದ ಡಬ್ಬಿ ಮರೆತರೆ ಏನೂ ಅನ್ನುತ್ತಿರಲಿಲ್ಲ.

ತಪಾಸಣೆಯ ಮೊದಲ ಪ್ರಶ್ನೆ ಕೆಮ್ಮಿದೆಯೇ ಎಂಬುದು. ನಿಪ್ಪಾಣಿಯಲ್ಲಿ ಈ ಪ್ರಶ್ನೆ ನಡೆಯುವುದಿಲ್ಲ. ತಂಬಾಕಿನ ವಖಾರಗಳಲ್ಲಿ, ಅಂದರೆ ಗೋದಾಮುಗಳಲ್ಲಿ, ದುಡಿಯುವ ಹೆಂಗಸರು ಅದನ್ನು ಕೆಮ್ಮು ಎಂದು ಎಣಿಸುವುದೇ ಇಲ್ಲ. ಭೋಜದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದ ತಾರಾಬಾಯಿ ಎಂಬುವರು ನನ್ನೆದುರೇ ಕೆಮ್ಮಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ಕೆಮ್ಮಿಲ್ಲವೆಂದು ಹೇಳಿದರು. ಈಗ ಬಂದದ್ದೇನು ಎಂದು ನಾನು ಕೇಳಿದರೆ, ಅದು ತಂಬಾಕಿನದು, ಅದನ್ನು ಬರೆದುಕೊಳ್ಳಬೇಡಿ ಎಂದರು. ಪಕ್ಕದಲ್ಲಿ ಅವರ ಜೊತೆಗಾತಿ ಹೀರಾಬಾಯಿ ಕೂತಿದ್ದಳು. ಅವಳು ತಾರಾಬಾಯಿಯನ್ನು ನೋಡದೆ ಗೋಡೆ ನೋಡುತ್ತ ನನಗೆ ಹೇಳಿದಳು.

"ತಂಬಾಕಿನ ಕೆಮ್ಮ ವಖಾರದಾಗ ಇರತೈತಿ, ಬಾಯಿ. ಇಕಿ ಈಗ ಐತಾರನೂ ಕೆಮ್ಮತಾಳ."

"ಗಪ್ಪ ಬಸ ಗ" ಎಂದು, ಸುಮ್ಮನೆ ಕೂಡೆಂದು, ತಾರಾಬಾಯಿ ಮರಾಠಿಯಲ್ಲಿ ಗದರಿದರು.

ಆದರೆ ಮಾತು ಹೊರಬಿದ್ದಾಗಿತ್ತು. ವಖಾರಕ್ಕೆ ರಜೆ ಇರುವ ದಿನವೂ ನಿಲ್ಲದ ಕೆಮ್ಮು ಧೂಳಿನದಲ್ಲ. ಕಫ ಪರೀಕ್ಷೆಗೆ ಕಳಿಸಿದೆವು. ಕ್ಷಯ ಇತ್ತು, ಮಲಗಿದ್ದಲ್ಲ, ಎದ್ದು ಕೂತದ್ದು. ಅಂದು ಜೋರಿನ ಗುಳಿಗೆ ಕೊಟ್ಟು ಕಳಿಸಿದ್ದರೆ ಏನಾಗುತ್ತಿತ್ತು ಎಂದು ಹೇಳಬೇಕಾಗಿಲ್ಲ. ತಾರಾಬಾಯಿ ಸರಕಾರಿ ಔಷಧಿ ಪೂರ್ತಿ ತೆಗೆದುಕೊಂಡು ಗುಣವಾದರು. ಕೊನೆಗೆ ಎದೆಯ ಎಕ್ಸರೇ ತರಲು ಹೇಳಿದರೆ, ಕೈಚೀಲದಲ್ಲಿ ಹಿಡಿಸುವುದಿಲ್ಲವೆಂದು ಫಿಲ್ಮನ್ನು ನಾಲ್ಕು ಮಡಿಕೆ ಮಾಡಿ ತಂದಿದ್ದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ಎದೆ ಸ್ವಚ್ಛ ಇದೆ, ಮಡಿಕೆ ಮಾತ್ರ ಕಾಣುತ್ತದೆ ಎಂದರು. ಆ ಮಂಗಳವಾರದಿಂದ ನಿಪ್ಪಾಣಿಯಲ್ಲಿ ನನ್ನ ಪ್ರಶ್ನೆ ಬದಲಾಯಿತು. ಕೆಮ್ಮಿದೆಯೇ ಎಂದು ಕೇಳುವುದನ್ನು ಬಿಟ್ಟು, ರಜೆಯ ದಿನ ಕೆಮ್ಮು ಬರುತ್ತದೆಯೇ ಎಂದು ಕೇಳತೊಡಗಿದೆ. ಆಮೇಲೆ ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರನ್ನೂ ಕೇಳುತ್ತಿದ್ದೆ.

ಕಾಗವಾಡದಲ್ಲಿ ತೊಂದರೆ ಬೇರೆ ಥರದ್ದು. ಅಲ್ಲಿ ಬರುತ್ತಿದ್ದವರಲ್ಲಿ ದ್ರಾಕ್ಷಿ ತೋಟದವರು ಬಹಳ. ಪ್ರಶ್ನೆಗಳಿಗೆ ನೆಟ್ಟಗೆ ಉತ್ತರ ಕೊಡುತ್ತಾರೆ, ಎಕ್ಸರೇ ಅಂದರೆ ಮಧ್ಯಾಹ್ನದೊಳಗೆ ತೆಗೆಸಿ ಫೋನಿನಲ್ಲಿ ಕಳಿಸುತ್ತಾರೆ. ಆದರೆ ಕ್ಷಯ ಎಂಬ ಹೆಸರು ಎತ್ತಿದ ಕೂಡಲೇ ಮುಖ ಬಿಗಿಯುತ್ತದೆ. ಅಂಥ ಮನೆಯ ಯಜಮಾನರೊಬ್ಬರು, ಎಲ್ಲರೂ ಅಣ್ಣಾಸಾಹೇಬರು ಎಂದು ಕರೆಯುವವರು, ಹೆಂಡತಿಯನ್ನು ಕರೆತಂದಿದ್ದರು. ತಪಾಸಣೆಯಲ್ಲಿ ಮಲಗಿದ ಕ್ಷಯ ಕಂಡಿತು. ತಡೆ ಔಷಧಿ ಕೊಡಬೇಕು ಎಂದಾಗ ಅವರು ಕುರ್ಚಿ ಹಿಂದಕ್ಕೆ ಸರಿಸಿ, ರೋಗವೇ ಇಲ್ಲದವರಿಗೆ ಔಷಧಿ ಯಾಕೆ, ತಮ್ಮಂಥ ಮನೆಯಲ್ಲಿ ಅದು ಬರುವುದಿಲ್ಲ ಎಂದರು.

ಡಾಕ್ಟರು ರೋಗದ ಮಾತನ್ನೇ ಬಿಟ್ಟುಬಿಟ್ಟರು. "ಮೋಡ ಮುಸುಕಿದ ದಿನ ನೀವ ತ್ವಾಟದಾಗ ಏನ ಮಾಡತೀರಿ?" ಎಂದು ಕೇಳಿದರು.

"ಡೌನಿ ರೋಗ ಬರತೈತಿ ಅಂತ ಔಷಧಿ ಹೊಡಿತೀವ್ರಿ."

"ಎಲಿ ಮ್ಯಾಲ ಕಲೆ ಕಂಡ ಮ್ಯಾಲ ಹೊಡಿತೀರೋ, ಮೊದಲೋ?"

"ಕಲೆ ಕಂಡ ಮ್ಯಾಲ ಹೊಡದ್ರ ಏನ ಉಪಯೋಗ್ರಿ ಸಾಹೇಬ್ರ?"

ಡಾಕ್ಟರು ಚೀಟಿ ಬರೆಯತೊಡಗಿದರು. ಅಣ್ಣಾಸಾಹೇಬರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಗುಳಿಗೆ ಊಟಕ್ಕೆ ಮೊದಲೋ ನಂತರವೋ ಎಂದು ಕೇಳಿದರು. ಡಾಕ್ಟರಿಂದ ನಾನು ಕಲಿತದ್ದರಲ್ಲಿ ಇದು ದೊಡ್ಡದು. ಎದುರಿಗೆ ಕೂತವರಿಗೆ ಈಗಾಗಲೇ ಗೊತ್ತಿರುವ ಕೆಲಸದ ಮೂಲಕ ಹೇಳಿದರೆ ಅರ್ಧ ಜಗಳ ತಪ್ಪುತ್ತದೆ.

ಇನ್ನು ಚರ್ಮದ ಪರೀಕ್ಷೆ. ಮುಂಗೈಯ ಒಳಬದಿಗೆ, ಚರ್ಮದೊಳಗೇ ನಿಲ್ಲುವಂತೆ ಒಂದು ಹನಿ ಔಷಧಿ ಚುಚ್ಚುತ್ತೇವೆ. ಎರಡು ದಿನ ಕಳೆದ ಮೇಲೆ, ಮೂರು ದಿನ ಮುಗಿಯುವುದರೊಳಗೆ ಅಲ್ಲಿ ಗಟ್ಟಿ ಗಡ್ಡೆ ಎದ್ದಿದೆಯೇ ಎಂದು ನೋಡಬೇಕು. ಕೆಂಪಾಗಿದ್ದು ಲೆಕ್ಕಕ್ಕಿಲ್ಲ, ಗಟ್ಟಿಯಾದದ್ದು ಮಾತ್ರ ಲೆಕ್ಕ. ಬಾಲ್ ಪೆನ್ನಿನಿಂದ ಹೊರಗಿನಿಂದ ಒಳಗೆ ಗೆರೆ ಎಳೆಯುತ್ತ ಬಂದರೆ ಗಡ್ಡೆಯ ಅಂಚಿಗೆ ಪೆನ್ನು ತಡೆಯುತ್ತದೆ. ಎರಡೂ ಬದಿ ತಡೆದ ಜಾಗದ ನಡುವೆ ಅಳತೆ. ಕೆಲಸ ಸುಲಭ. ಕಷ್ಟವೆಂದರೆ ಜನರನ್ನು ಸರಿಯಾದ ದಿನ ಮತ್ತೆ ಕರೆಸುವುದು. ಅಥಣಿಯಲ್ಲಿ ಗುರುವಾರ ಚುಚ್ಚಿದರೆ ಶನಿವಾರ ನೋಡಬೇಕು, ಶನಿವಾರ ನಾವು ಕಾಗವಾಡದಲ್ಲಿ. ಮೊದಲ ಕೆಲವು ತಿಂಗಳು ಅಥಣಿಯವರನ್ನು ಕಾಗವಾಡಕ್ಕೆ ಬರಲು ಹೇಳುತ್ತಿದ್ದೆವು. ಯಾರು ಬರುತ್ತಾರೆ? ಕೊನೆಗೆ ಶನಿವಾರ ಬೆಳಿಗ್ಗೆ ನಾನೊಬ್ಬಳೇ ಬಸ್ಸಿನಲ್ಲಿ ಅಥಣಿಗೆ ಹೋಗಿ, ಕೈ ನೋಡಿ, ಮಧ್ಯಾಹ್ನ ಕಾಗವಾಡ ಸೇರುವಂತೆ ಮಾಡಿಕೊಂಡೆ. ಅಲ್ಲಿಂದ ಮುಂದೆ ಬರದವರ ಸಂಖ್ಯೆ ಬೆರಳೆಣಿಕೆಗೆ ಇಳಿಯಿತು.

ಹಾಗೆ ಒಂದು ಶನಿವಾರ ಅಥಣಿಯ ಬೆಂಚಿನ ಮೇಲೆ ಕೈಗೆ ಹಳೇ ಧೋತರದ ಚೂರು ಸುತ್ತಿಕೊಂಡು ಕೂತಿದ್ದವಳು ಲಕ್ಕವ್ವ. ಅನಂತಪುರದ ಕುರಿಗಾರರ ಸೊಸೆ, ಮೂವತ್ತು ದಾಟಿದವಳು. ಪಕ್ಕದಲ್ಲಿ ಅವಳ ಅತ್ತೆ ಮಾಯವ್ವ.

ಲಕ್ಕವ್ವನ ಕೈ ಹಿಂದಿನ ವರ್ಷದಿಂದ ಕೆಟ್ಟಿತ್ತು. ಎಳೆ ಮರಿಯ ಕಾಲು ಹಿಡಿದರೆ ಜಾರುತ್ತಿತ್ತು. ಹಾಲು ಹಿಂಡಲು ಆಗುತ್ತಿರಲಿಲ್ಲ. ಊರಿಗೆ ಮೋಟರ್‌ಸೈಕಲ್ ಮೇಲೆ ಬರುತ್ತಿದ್ದ ಒಬ್ಬನ ಹತ್ತಿರ ಕಾಗದದ ಪೊಟ್ಟಣದಲ್ಲಿ ಬಿಳಿ ಪುಡಿ ಕೊಳ್ಳುತ್ತಿದ್ದಳು. ಪುಡಿ ತಿಂದ ದಿನ ಕೈ ಆಡುತ್ತದೆ, ಬಿಟ್ಟ ದಿನ ಕಟ್ಟಿಗೆ. ಅವಳ ಮುಖ ದುಂಡಗಾಗಿ ಊದಿದ್ದನ್ನು ನೋಡಿಯೇ ಡಾಕ್ಟರು ಆ ಪುಡಿಯಲ್ಲಿ ಸ್ಟೀರಾಯ್ಡ್ ಇದೆ ಎಂದಿದ್ದರು. ಜೋರಿನ ಗುಳಿಗೆ ಇವಳಿಗೆ ನಿಜವಾಗಿ ಬೇಕಾಗಿತ್ತು. ಎದೆಯ ಎಕ್ಸರೇ ಚೆನ್ನಾಗಿತ್ತು. ಉಳಿದದ್ದು ಈ ಕೈ ಒಂದೇ. ದೀಪಾವಳಿ ಮುಗಿದಿತ್ತು. ಅವಳ ಗಂಡ ಮಾಳಪ್ಪ ಇನ್ನೊಂದು ವಾರದಲ್ಲಿ ಹಿಂಡು ಹೊಡೆದುಕೊಂಡು ಹೊಳೆ ದಾಟಿ, ರಾಯಬಾಗದ ಕಡೆಯಿಂದ ಯಡೂರಿನ ದಂಡೆಗೆ ಹೊರಡುವವನಿದ್ದ. ಅಲ್ಲಿ ಹೊಲದವರು ಗೊಬ್ಬರಕ್ಕಾಗಿ ಕುರಿ ತರುಬಿಸಿಕೊಳ್ಳುತ್ತಾರೆ, ಅಂದರೆ ರಾತ್ರಿ ಹೊಲದಲ್ಲೇ ಮಲಗಿಸಿಕೊಳ್ಳುತ್ತಾರೆ. ಮರಿ ಈಯುವ ಕಾಲ. ಹೆಂಗಸರಿಲ್ಲದೆ ಹಿಂಡು ನಡೆಯುವುದಿಲ್ಲ.

ನಾನು ಬಟ್ಟೆ ಬಿಚ್ಚಿದೆ. ಚುಚ್ಚಿದ ಜಾಗದಲ್ಲಿ ಗಡ್ಡೆ ಇರಲಿಲ್ಲ, ಸುಟ್ಟ ಗಾಯ ಇತ್ತು. ಕಪ್ಪು ಚುಕ್ಕಿಗಳು, ಅವುಗಳ ಸುತ್ತಮುತ್ತ ನೀರುಗುಳ್ಳೆ, ಮುಂಗೈಯೆಲ್ಲ ಬಾತಿತ್ತು. ಇದೇನೆಂದು ಕೇಳಿದೆ.

"ಬಾವು ಬಂದಿತ್ರಿ ಅಕ್ಕಾರ. ಅತ್ತಿ ಬಿಬ್ಬಾ ಹಚ್ಚಿದ್ರು" ಎಂದಳು ಲಕ್ಕವ್ವ, ತಲೆ ತಗ್ಗಿಸಿ.

ಬಿಬ್ಬಾ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದೊಂದು ಕರಿ ಬೀಜ. ಸೂಜಿಗೆ ಚುಚ್ಚಿ ದೀಪಕ್ಕೆ ಹಿಡಿದರೆ ಕಪ್ಪು ಎಣ್ಣೆ ಒಸರುತ್ತದೆ. ಉಳುಕು, ಬಾವು, ಕೀಲುನೋವು, ನಮ್ಮ ಕಡೆ ಹಳಬರು ಎಲ್ಲಕ್ಕೂ ಅದನ್ನು ಹಚ್ಚುತ್ತಾರೆ. ಚರ್ಮ ಸುಡುತ್ತದೆ. ಸುಟ್ಟರೆ ಒಳಗಿನ ನೋವು ಹೊರಗೆ ಬಂತು ಎಂದು ಅವರ ತಿಳುವಳಿಕೆ.

ನಾನು ಮಾಯವ್ವನ ಕಡೆ ತಿರುಗಿ, ಏನೂ ಹಚ್ಚಬೇಡಿ ಎಂದು ಗುರುವಾರ ಹೇಳಿರಲಿಲ್ಲವೇ ಎಂದೆ.

"ಅರಿಷಿಣ ಬ್ಯಾಡ ಅಂದಿ, ಸುಣ್ಣ ಬ್ಯಾಡ ಅಂದಿ. ಎರಡೂ ಹಚ್ಚಿಲ್ಲಲ್ಲ" ಎಂದಳು ಮುದುಕಿ. "ಬಾವು ಬಂದ ಮ್ಯಾಲ ಏನ ಹಚ್ಚಬೇಕ ಮತ್ತ, ಬೆಣ್ಣಿ?"

ಅವಳ ಮಾತು ಸುಳ್ಳಲ್ಲ. ನಾನು ಹೇಳುವ ಪಟ್ಟಿಯಲ್ಲಿ ಬಿಬ್ಬಾ ಇರಲಿಲ್ಲ. ಹುಡುಗಿಯರೇ, ನಿಮ್ಮ ಪಟ್ಟಿಯಲ್ಲಿ ಇರಲಿ.

ಕಾಗವಾಡದಲ್ಲಿದ್ದ ಡಾಕ್ಟರಿಗೆ ಫೋನ್ ಮಾಡಿ ಫೋಟೋ ಕಳಿಸಿದೆ. ಈ ಕೈಯಿಂದ ಇನ್ನು ಏನೂ ತಿಳಿಯುವುದಿಲ್ಲ, ರಕ್ತದ ಪರೀಕ್ಷೆ ಕಳಿಸು, ಗುಳಿಗೆ ಶುರು ಮಾಡುವುದು ಬೇಡ ಎಂದರು. ರಕ್ತ ತೆಗೆದು ಬೆಳಗಾವಿಗೆ ಕಳಿಸಿದೆ. ಈ ಪರೀಕ್ಷೆ ಚರ್ಮದ್ದಕ್ಕಿಂತ ಹೊಸದು. ಎರಡನೇ ಸಲ ಕೈ ತೋರಿಸಲು ಬರಬೇಕಾಗಿಲ್ಲ, ಅತ್ತೆಯರ ಬೀಜಕ್ಕೂ ಸಿಗುವುದಿಲ್ಲ. ಬುಧವಾರ ರಾಯಬಾಗದಲ್ಲಿರುವಾಗ ಫಲಿತಾಂಶ ಬಂತು. ಇದೆ ಎಂದೂ ಇರಲಿಲ್ಲ, ಇಲ್ಲ ಎಂದೂ ಇರಲಿಲ್ಲ. ನಿರ್ಧರಿಸಲಾಗದು ಎಂದಿತ್ತು. ಪುಡಿ ತಿಂದು ತಿಂದು ಅವಳ ರಕ್ತಕ್ಕೆ ಉತ್ತರ ಕೊಡುವ ಶಕ್ತಿಯೇ ಕುಂದಿದೆ ಎಂದು ಡಾಕ್ಟರು ವಿವರಿಸಿದರು.

ಮರುದಿನ ಅಥಣಿಗೆ ಲಕ್ಕವ್ವ, ಮಾಯವ್ವ, ಮಾಳಪ್ಪ ಮೂವರೂ ಬಂದರು, ಜೊತೆಗೊಂದು ಕೂಸು. ಮಾಳಪ್ಪ ನಿಂತೇ ಮಾತಾಡಿದ. ಎಕ್ಸರೇ ಚೆನ್ನಾಗಿದೆ ಎಂದಿದ್ದೀರಿ, ರಕ್ತದಲ್ಲೂ ರೋಗ ಇದೆ ಎಂದು ಬಂದಿಲ್ಲ, ಮತ್ತೆ ಗುಳಿಗೆ ಕೊಡಲು ಏನಡ್ಡಿ ಎಂಬುದು ಅವನ ವಾದ. ಸೋಮವಾರ ಹಿಂಡು ಹೊರಡುತ್ತದೆ, ಗುಳಿಗೆ ಕೊಡದಿದ್ದರೆ ಹಳೇ ಪುಡಿಯೇ ಗತಿ ಎಂದ. ಕಾಗದದ ಮೇಲೆ ನೋಡಿದರೆ ಅವನ ವಾದ ಗಟ್ಟಿಯಾಗಿತ್ತು. ನಮ್ಮ ಕೈಯಲ್ಲಿ ಅವಳಿಗೆ ಕ್ಷಯ ಇದೆ ಎನ್ನುವ ಒಂದು ಪುರಾವೆಯೂ ಇರಲಿಲ್ಲ. ಲಕ್ಕವ್ವನ ಪಕ್ಕದಲ್ಲಿ ಅವಳ ಐದು ವರ್ಷದ ಮಗಳು ಸೆರಗು ಹಿಡಿದು ನಿಂತಿದ್ದಳು. ಹಟ್ಟಿಯಲ್ಲಿ, ಹಿಂಡಿನ ಜೊತೆಯ ಬಿಡಾರದಲ್ಲಿ, ಆ ಕೂಸು ಅವಳ ಮಗ್ಗುಲಲ್ಲೇ ಮಲಗುತ್ತದೆ. ಲಕ್ಕವ್ವನಿಗೆ ಕ್ಷಯ ಎದ್ದರೆ ಮೊದಲು ತಗಲುವುದು ಅದಕ್ಕೇ.

ಡಾಕ್ಟರು ಲಕ್ಕವ್ವನ ಕೈ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು. ಗುಳ್ಳೆ ಒಣಗಿತ್ತು. ಬಾತಿದ್ದು ಇಳಿದಿತ್ತು. ಕಪ್ಪು ಚುಕ್ಕಿಗಳು ಈಗ ಸ್ಪಷ್ಟವಾಗಿ ಕಾಣುತ್ತಿದ್ದವು, ಒಂದರ ಪಕ್ಕ ಒಂದು. ಕೈ ಹೀಗೆ ಸುಡಬಾರದಿತ್ತು ಎಂದು ಅವರು ಮೆತ್ತಗೆ ಅಂದರು. ಮಾಯವ್ವನಿಗೆ ಅದು ಸಹನವಾಗಲಿಲ್ಲ.

"ಸುಟ್ಟಿಲ್ರಿ ನಾ. ಬಾವಿನ ಮ್ಯಾಲ ಯಾರರೆ ಬಿಬ್ಬಾ ಹಚ್ಚತಾರನ? ಸುತ್ತ ಹಚ್ಚೀನಿ. ಕುರಿ ಕೆಚ್ಚಲಕ್ಕ ಬಾವು ಬಂದ್ರೂ ಹಂಗ. ಬೆರಳ್ಲೆ ಒತ್ತಗೋತ ಬರಬೇಕ, ಗಟ್ಟಿ ಎಲ್ಲಿ ಮುಗೀತೈತಿ ಅಲ್ಲಿ ಚುಕ್ಕಿ ಇಡಬೇಕ. ಮುಂದ ಹರಡಬಾರದಂತ."

ನಾನು ಡಾಕ್ಟರ ಮುಖ ನೋಡಿದೆ. ಬಾಲ್ ಪೆನ್ನಿನಿಂದ ನಾನು ಮಾಡುವುದೂ ಇದನ್ನೇ. ಯಾವಾಗ ಹಚ್ಚಿದ್ದು ಎಂದು ಕೇಳಿದೆ. ಶನಿವಾರ ಕೋಳಿ ಕೂಗುವ ಹೊತ್ತಿಗೆ, ಬಸ್ಸಿಗೆ ಹೊರಡುವ ಮೊದಲು ಎಂದಳು. ಚುಚ್ಚಿ ಹೆಚ್ಚುಕಡಿಮೆ ಎರಡು ದಿನವಾಗಿದ್ದ ಹೊತ್ತು ಅದು. ಡಾಕ್ಟರು ನನ್ನ ಬಾಲ್ ಪೆನ್ನು ತೆಗೆದು ಮುದುಕಿಯ ಕೈಗೆ ಕೊಟ್ಟು, ಬಾವು ಎಷ್ಟಿತ್ತು, ಹೇಗೆ ಹಚ್ಚಿದೆ, ಈ ಅಕ್ಕನ ಕೈ ಮೇಲೆ ತೋರಿಸು ಎಂದರು. ಅವಳು ನನ್ನ ಮುಂಗೈ ಮೇಲೆ ಹೆಬ್ಬೆರಳು ಒತ್ತುತ್ತ, ಸರಿಸುತ್ತ, ನಿಂತಲ್ಲಿ ಚುಕ್ಕಿ ಇಡುತ್ತ ಒಂದು ಸುತ್ತು ಬಂದಳು. ಅವಳು ಇಟ್ಟ ಚುಕ್ಕಿಗಳ ಸುತ್ತು ಲಕ್ಕವ್ವನ ಕೈ ಮೇಲಿದ್ದ ಸುತ್ತಿನಷ್ಟೇ ಇತ್ತು.

ನಾನು ಸ್ಕೇಲು ತೆಗೆದು ಲಕ್ಕವ್ವನ ಕೈ ಮೇಲಿನ ಚುಕ್ಕಿಗಳ ಒಳ ಅಂಚಿನಿಂದ ಒಳ ಅಂಚಿಗೆ ಅಳೆದೆ. ಹದಿನಾರು ಮಿಲಿಮೀಟರ್. ಅವಳಂಥ ರೋಗಿಗೆ ಐದು ಬಂದರೂ ನಾವು ಇದೆ ಎನ್ನುತ್ತೇವೆ.

"ಇದನ್ನ ರಿಪೋರ್ಟಿನಾಗ ಬರಿಯಾಕ ಬರಂಗಿಲ್ಲ" ಎಂದರು ಡಾಕ್ಟರು. "ಆದ್ರ ನೋಡಿಲ್ಲ ಅನ್ನಾಕೂ ಬರಂಗಿಲ್ಲ."

ಆಮೇಲೆ ನನಗೆ ಇನ್ನೊಂದು ಪ್ರಶ್ನೆ ಹೊಳೆಯಿತು. ಮನೆಯಲ್ಲಿ ಯಾರಿಗಾದರೂ ಕ್ಷಯ ಇದೆಯೇ ಎಂದು ಮೊದಲ ದಿನವೇ ಕೇಳಿದ್ದೆ, ಇಲ್ಲ ಎಂದಿದ್ದರು. ಈಗ ಸತ್ತವರಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದೆ. ಮಾಳಪ್ಪ ಮೊದಲ ಸಲ ಕುರ್ಚಿಯ ಮೇಲೆ ಕೂತ. ಅವನ ಚಿಕ್ಕಪ್ಪ ಕೆಲವು ವರ್ಷಗಳ ಹಿಂದೆ ಹಟ್ಟಿಯಲ್ಲೇ ಕೆಮ್ಮಿ ಕೆಮ್ಮಿ ಸತ್ತಿದ್ದ. ಕೊನೆಯ ಚಳಿಗಾಲವೆಲ್ಲ ಅವನಿಗೆ ಅಂಬಲಿ ಕುಡಿಸಿದ್ದು ಲಕ್ಕವ್ವ. ಈಗ ಮನೆಯಲ್ಲಿ ಯಾರಿಗೂ ಇಲ್ಲವಲ್ಲ ಎಂದು ಹೇಳಿರಲಿಲ್ಲ. ತಪ್ಪು ಅವರದಲ್ಲ. ನಾನು ಕೇಳಿದ್ದು ಇದ್ದವರ ಬಗ್ಗೆ, ಅವರು ಹೇಳಿದ್ದೂ ಇದ್ದವರ ಬಗ್ಗೆ.

ಡಾಕ್ಟರು ನಿರ್ಧಾರ ಹೇಳಿದರು. ಕಫ ಪರೀಕ್ಷೆ ಒಮ್ಮೆ ಮಾಡಿಸಿ, ಎದ್ದ ಕ್ಷಯ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಡೆ ಗುಳಿಗೆ ಶುರು. ದಿನಕ್ಕೊಂದು, ಆರು ತಿಂಗಳು. ಮೊದಲ ತಿಂಗಳು ಅದೊಂದೇ. ಆ ತಿಂಗಳು ಮುಗಿದ ಮೇಲೆ ಕೈಗೆ ಜೋರಿನ ಗುಳಿಗೆ. ಪುಡಿ ಬಂದ್. ಒಮ್ಮೆಲೇ ಬಿಟ್ಟರೆ ಅಪಾಯವಾದ್ದರಿಂದ ಅದರ ಬದಲು ಅಳತೆಯ ಸ್ಟೀರಾಯ್ಡ್ ಗುಳಿಗೆ ಕೊಟ್ಟು, ವಾರ ವಾರ ಇಳಿಸುತ್ತ ಹೋಗುವುದು.

ಲಕ್ಕವ್ವ ಸೊಂಟದ ಸಂಚಿಯಿಂದ ಪುಡಿಯ ಪೊಟ್ಟಣಗಳನ್ನು ತೆಗೆದು ಮೇಜಿನ ಮೇಲೆ ಇಟ್ಟಳು. ಆದರೆ ಕೈ ಅವುಗಳ ಮೇಲಿಂದ ತೆಗೆಯಲಿಲ್ಲ.

"ಇವನ್ನ ಬಿಟ್ರ ನನ್ನ ಕೈ ನನ್ನ ಮಾತ ಕೇಳಂಗಿಲ್ರಿ ಅಕ್ಕಾರ. ಒಂದ ತಿಂಗಳ ಅಂತೀರಿ. ಆ ತಿಂಗಳದಾಗ ಕುರಿ ಈಯೂದ ನಿಲ್ಲತೈತೇನು? ಮರಿ ಯಾರ ಹಿಡೀಬೇಕು?"

ಅವಳು ಕೇಳಿದ್ದು ನನ್ನನ್ನು. ಉತ್ತರ ಕೊಟ್ಟವಳು ಮಾಯವ್ವ. ಅವಳು ಹಿಂಡಿನ ಜೊತೆ ಹೋಗುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

"ನಾ ಸತ್ತೇನೇನ? ನಾನೂ ಬರತೀನಿ ಈ ಸಲ. ನೀ ಕುಂತ ಹೇಳ, ನಾ ಹಿಡಿತೀನಿ. ತಗದ ಒಗಿ ಅವನ್ನ."

ಲಕ್ಕವ್ವ ಕೈ ತೆಗೆದಳು. ನಾನು ಪೊಟ್ಟಣಗಳನ್ನು ಎತ್ತಿಕೊಂಡೆ.

ಉಳಿದದ್ದು ನನ್ನ ಪಾಲಿನ ಕೆಲಸ, ಅದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ. ಈ ತಡೆ ಗುಳಿಗೆ ಕೆಲವರಲ್ಲಿ ಯಕೃತ್ತಿಗೆ ತೊಂದರೆ ಕೊಡುತ್ತದೆ, ಆಗಾಗ ರಕ್ತ ನೋಡಬೇಕು. ಹಿಂಡು ಇವತ್ತು ಇಲ್ಲಿ, ನಾಳೆ ಅಲ್ಲಿ ಎಂದ ಮಾಳಪ್ಪ. ನಾನು ದಿನಚರಿ ತೆಗೆದು, ಯಾವ ವಾರ ಯಾವ ಊರ ಹೊಲ ಎಂದು ಅವನ ಬಾಯಿಂದ ಕೇಳಿ, ನಮ್ಮ ದವಾಖಾನೆಯ ದಿನಗಳ ಪಕ್ಕದಲ್ಲಿ ಬರೆದುಕೊಂಡೆ. "ನಿಮ್ಮ ಹಟ್ಟಿನೂ ತಿರಗತೈತಿ, ನಮ್ಮ ದವಾಖಾನಿನೂ ತಿರಗತೈತಿ. ಎಲ್ಲೆರೆ ಕೂಡತೀವಿ ಬಿಡ್ರಿ" ಎಂದೆ. ಅವನು ಅಂದು ಮೊದಲ ಸಲ ನಕ್ಕ.

ಕಫದಲ್ಲಿ ಏನೂ ಸಿಗಲಿಲ್ಲ, ತಡೆ ಗುಳಿಗೆ ಶುರುವಾಯಿತು. ಆ ತಿಂಗಳು ಲಕ್ಕವ್ವನಿಗೆ ಕೆಟ್ಟದಾಗಿತ್ತು. ರಾಯಬಾಗದಲ್ಲಿ ರಕ್ತ ಕೊಡಲು ಬಂದಾಗ ಬೆರಳು ಕಡುಬಿನಂತೆ ಬಾತಿದ್ದವು. ಕೂಸಿನ ಜಡೆ ಹಾಕಲೂ ಆಗುವುದಿಲ್ಲ, ನಿಮ್ಮ ಮಾತು ಕೇಳಿ ಕೆಟ್ಟೆ ಎಂದು ನನ್ನನ್ನು ಬಯ್ದಳು. ಬಯ್ಯುತ್ತಲೇ ಕೈ ಚಾಚಿದಳು. ನಾನು ಸೂಜಿ ಚುಚ್ಚಿದೆ. ಬಯ್ಯುವವರು ಮುಂದಿನ ಸಲವೂ ಬರುತ್ತಾರೆ. ನೀವು ಚಿಂತೆ ಮಾಡಬೇಕಾದ್ದು ಎಲ್ಲದಕ್ಕೂ ಹೂಂ ಅನ್ನುವವರ ಬಗ್ಗೆ. ರಕ್ತ ಸರಿಯಾಗಿತ್ತು. ತಿಂಗಳು ತುಂಬಿದ ಮೇಲೆ ಡಾಕ್ಟರು ಚಿಕ್ಕೋಡಿಯಲ್ಲಿ ಜೋರಿನ ಗುಳಿಗೆ ಬರೆದುಕೊಟ್ಟರು. ಮನೆಯವರೆಲ್ಲರ ತಪಾಸಣೆಯೂ ಆಯಿತು, ಕೂಸಿನದು ಮೊದಲು. ಕೂಸಿಗೆ ಏನೂ ಇರಲಿಲ್ಲ.

ತಡೆ ಗುಳಿಗೆಯ ಆರು ತಿಂಗಳು ಮುಗಿದಾಗ ಹಿಂಡು ಇನ್ನೂ ಯಡೂರಿನ ಹತ್ತಿರ ಹೊಳೆದಂಡೆಯ ಕಬ್ಬು ಕಡಿದ ಹೊಲದಲ್ಲಿತ್ತು. ಲಕ್ಕವ್ವ ಕೊನೆಯ ಎಕ್ಸರೇ ಚಿಕ್ಕೋಡಿಯಲ್ಲಿ ತೆಗೆಸಿ ಹೋಗಿದ್ದಳು. ಎದೆ ಸ್ವಚ್ಛವಾಗಿತ್ತು. ಫೋನಿನಲ್ಲಿ ಹೇಳಿದರೆ ಸಾಕಿತ್ತು, ಆದರೆ ಐತವಾರ ಬಿಡುವಿತ್ತು, ನಾನೇ ಹೋದೆ.

ಬಿಸಿಲು ಏರಿತ್ತು. ಮಾಯವ್ವ ಜಾಲಿಯ ನೆರಳಲ್ಲಿ ಎರಡು ಮರಿಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಒಂದು ತಿಂಗಳಿಗೆಂದು ಬಂದವಳು ಹಿಂತಿರುಗಿ ಹೋಗಿರಲೇ ಇಲ್ಲ. ಲಕ್ಕವ್ವ ಒಂದು ಆಡನ್ನು ಹಿಡಿದು ನನ್ನೆದುರೇ ಗಿಂಡಿಗೆ ಹಾಲು ಹಿಂಡಿದಳು. ನಾನು ಎಕ್ಸರೇ ವಿಷಯ ಹೇಳುತ್ತಿದ್ದೆ, ಕಣ್ಣು ಮಾತ್ರ ಅವಳ ಬೆರಳ ಮೇಲಿತ್ತು. ಎಲ್ಲವೂ ಮಡಚುತ್ತಿದ್ದವು. ಬಲಗೈಯ ಕಿರುಬೆರಳು ಸೊಟ್ಟಗೇ ಉಳಿದಿತ್ತು, ಅದು ಹಾಗೇ ಇರುತ್ತದೆ. ಮಾಯವ್ವ ಗಿಂಡಿ ತೆಗೆದು ನನ್ನ ಮುಂದೆ ಹಿಡಿದಳು. ಹಸಿ ಹಾಲು, ನೊರೆ ಇನ್ನೂ ಆರಿರಲಿಲ್ಲ. ಕಾಯಿಸಿ ಕೊಡಿ, ನೀವೂ ಹಸಿ ಹಾಲು ಕುಡಿಯಬೇಡಿ, ಅದರಿಂದಲೂ ರೋಗ ಬರುತ್ತದೆ ಎಂದೆ.

"ನೊರಿ ಹಾಲ ಕುಡದ ಇಷ್ಟ ವರ್ಷ ಬದಕೀನಿ ನಾ" ಎಂದಳು ಮುದುಕಿ.

"ನೀವ ಬದಕೀರಿ. ಲಕ್ಕವ್ವನ ಜೋರಿನ ಗುಳಿಗಿ ಇನ್ನೂ ನಡದಾವ."

ಮಾಯವ್ವ ಮರು ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಲಕ್ಕವ್ವ ಅವಳ ಕೈಯಿಂದ ಗಿಂಡಿ ತೆಗೆದುಕೊಂಡಳು. "ಕೊಡ್ರಿ ಅತ್ತಿ ಇಲ್ಲೆ. ಒಲಿ ನಾ ಹಚ್ಚತೀನಿ" ಎಂದಳು.

ಮೂರು ಕಲ್ಲಿನ ಒಲೆಗೆ ಕಬ್ಬಿನ ರವದಿಯ ಒಣ ಗರಿ ತುರುಕಿ, ಕಡ್ಡಿಪೆಟ್ಟಿಗೆ ತೆಗೆದಳು. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಅವಳು ಬೆನ್ನು ಗಾಳಿಗೆ ಕೊಟ್ಟು ಕೂತು, ಕಡ್ಡಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಬಿಗಿಯಾಗಿ ಹಿಡಿದಳು. ಒಂದೇ ಗೀರಿಗೆ ಹತ್ತಿತು.